ಕಾಫಿ, ಲೆಕ್ಕ ಮತ್ತು ನನ್ನ ಪಿಎಚ್‌ಡಿ

ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಕೈಹಾಕಿದವಳು ನಗೆಪಾಟಲಾಗಲು ಹೆಚ್ಚು ಕಷ್ಟಪಡಬೇಕಿಲ್ಲ. ನಾನು ವಿರಾಜಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವವಳು. ಕಾಫಿ ಬೆಳೆಯುವವರು ತಮ್ಮ ಮನೆಯಲ್ಲಿ ಕಾಫಿ ಹೇಗೆ ಕುಡಿಯುತ್ತಾರೆ ಎಂಬುದು ನನ್ನ ವಿಷಯ.

ಮಗ್ಗಿ

ಗೈಡ್ ಕೇಳಿದರು, "ಗುಣಾತ್ಮಕ ಸಂಶೋಧನೆಯೋ, ಪರಿಮಾಣಾತ್ಮಕವೋ? ಜನರ ಮಾತು ಕೇಳಿ ಬರೀತೀರೋ, ಅಂಕಿಸಂಖ್ಯೆ ಹಿಡಿದು ಲೆಕ್ಕ ಹಾಕ್ತೀರೋ? ಈ ತಿಂಗಳೊಳಗೆ ಹೇಳದಿದ್ರೆ ನೋಂದಣಿ ಮುಂದಿನ ವರ್ಷಕ್ಕೆ ಹೋಗುತ್ತೆ."

ಲೆಕ್ಕವೆಂದರೆ ನನಗೆ ಹೈಸ್ಕೂಲಿನಿಂದಲೂ ಜ್ವರ. ಗುಣಾತ್ಮಕವೇ ಗತಿ ಎಂದು ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತಿ, "ಏಳರ ಮಗ್ಗಿ ಬಾರದವಳು ಗುಣಾಕಾರದಲ್ಲಿ ಪಿಎಚ್‌ಡಿ ಮಾಡ್ತೀಯಾ?" ಎಂದರು.

ಎಷ್ಟು ಲೋಟ?

ಎರಡನ್ನೂ ಸ್ವಲ್ಪ ಮಾಡಿ ನೋಡಿ, ಆಮೇಲೆ ಆರಿಸಿ ಎಂದರು ಗೈಡ್. ಪ್ರಶ್ನಾವಳಿ ಹಿಡಿದು ಬಾಳೆಲೆ ಎಂಬ ಊರಿಗೆ ಹೋದೆ. ಎಸ್ಟೇಟ್ ಮನೆಯ ಅಕ್ಕನಿಗೆ ಮೊದಲ ಪ್ರಶ್ನೆ ಹಾಕಿದೆ, "ದಿನಕ್ಕೆ ಎಷ್ಟು ಲೋಟ ಕಾಫಿ ಕುಡೀತೀರಿ?"

"ಯಾರು ಕೇಳಿದ್ದು ಅಂತ ಬರೀತೀರಿ?" ಎಂದರು ಅಕ್ಕ. "ಡಾಕ್ಟರು ಕೇಳಿದ್ರೆ ಒಂದು. ನಮ್ಮನೆಯವರು ಕೇಳಿದ್ರೆ ಎರಡು. ನಿಜ ಬೇಕಾದ್ರೆ ಆ ಪೆನ್ನು ಒಳಗೆ ಇಡಿ."

ಬೆಲ್ಲದ ಕಾಫಿ

ಪೆನ್ನು ಒಳಗಿಟ್ಟೆ. ಇನ್ನು ಮಾತು ಕೇಳುವುದೇ ಸೈ ಎಂದು ಭಾಗಮಂಡಲದ ಕಡೆ ಮನೆ ಮನೆ ಸುತ್ತಿದೆ. ಹೋದಲ್ಲೆಲ್ಲ ಬೆಲ್ಲದ ಕಾಫಿ. ಬೇಡ ಎಂದರೆ, "ಕಾಫಿ ವಿಷಯ ಕೇಳ್ಲಿಕ್ಕೆ ಬಂದು ಕಾಫಿ ಬೇಡ್ವಾ?" ಎನ್ನುವರು. ನಿಜವಾಗಿ ಖುಷಿಯ ದಿನಗಳು ಅವು, ಹೊಟ್ಟೆಯೊಂದನ್ನು ಬಿಟ್ಟರೆ. ವಾರ ಕಳೆಯುವಷ್ಟರಲ್ಲಿ ಉರಿ ತಡೆಯಲಾರದೆ, ಅತ್ತೆಯನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರು ಎಲ್ಲ ಕೇಳಿ, "ಕಾಫಿಯ ಪರಿಮಾಣ ಕಡಿಮೆ ಮಾಡಿ, ತಾನಾಗಿ ಗುಣ ಆಗುತ್ತೆ" ಎಂದರು. ಇವರಿಗೂ ನನ್ನ ಗೈಡ್ ಫೋನ್ ಮಾಡಿದ್ದಾರೋ ಏನೋ ಎಂದು ಅನುಮಾನ ಬಂತು.

ತೀರ್ಮಾನ

ತಿಂಗಳ ಕೊನೆಯ ದಿನ ನಾನು ಮಾತ್ರೆ ನುಂಗಿ ಮಲಗಿದ್ದಾಗ ಗೈಡ್ ಫೋನ್ ಮಾಡಿದರಂತೆ. ಎತ್ತಿದ್ದು ಅತ್ತೆ.

"ಮೇಡಂದು ಏನಾಯ್ತಮ್ಮ? ಗುಣವೋ, ಪರಿಮಾಣವೋ? ಇವತ್ತೇ ಬರೆದು ಕಳಿಸಬೇಕು."

ಸಾರ್ ಇಷ್ಟು ಕಾಳಜಿಯಿಂದ ವಿಚಾರಿಸುತ್ತಾರಲ್ಲ ಎಂದು ಅತ್ತೆಗೆ ಸಂತೋಷವಾಗಿದೆ. "ಎರಡೂ ಉಂಟು ಸಾರ್. ಮೊದಲು ಪರಿಮಾಣ ನೋಡಿಕೊಳ್ಬೇಕು. ಅದು ಸರಿಯಾದ್ರೆ ಗುಣ ತಾನಾಗಿ ಬರ್ತದಂತೆ."

ಎದ್ದು ನೋಡಿದರೆ ಗೈಡ್ ಸಂದೇಶ ಕಳಿಸಿದ್ದರು: "ನಿಮ್ಮ ಅತ್ತೆಯವರ ವಿವರಣೆ ಬಹಳ ಸ್ಪಷ್ಟವಾಗಿತ್ತು. ಎರಡೂ ಸೇರಿದ ಮಿಶ್ರ ವಿಧಾನ ಎಂದು ನೋಂದಾಯಿಸಿದ್ದೇನೆ. ಸಂಖ್ಯಾಶಾಸ್ತ್ರದ ತರಗತಿ ಸೋಮವಾರದಿಂದ."

ಫೋನ್ ಹಿಡಿದು ಕೂತುಬಿಟ್ಟೆ. ಅತ್ತೆ ಗಂಜಿ ತಂದಿಟ್ಟು ನನ್ನ ಮುಖ ನೋಡಿದರು.

"ಈಗ ಗುಣ ಆಯ್ತಲ್ಲ? ಮತ್ತೆ ಯಾಕೆ ಹೀಗೆ ಕೂತಿದ್ದಿ?"

"ಗುಣ ಆಯ್ತು ಅತ್ತೆ," ಎಂದೆ. "ಪರಿಮಾಣ ಬಾಕಿ ಉಂಟು."