ಮಾಮಾ ಮಾಡಿದ ಸೊಟ್ಟ ಸೈಕಲ್ಲು

ನಮ್ಮ ಮಾಮಾನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಕಾಲು ನೆನಪಿರುತ್ತವೆ! ನಂಬಿಕೆ ಬರಲಿಲ್ಲವೇ? ತಪ್ಪು ನಿಮ್ಮದಲ್ಲ. ನೀವು ಇನ್ನೂ ಅವನೆದುರು ನಾಲ್ಕು ಹೆಜ್ಜೆ ನಡೆದಿಲ್ಲ. ಮಾಮಾ ಎಂದರೆ ನಮ್ಮವ್ವನ ಅಣ್ಣ, ನನ್ನ ಸೋದರಮಾವ. ಮರಾಠಿ ಸೀಮೆಯ ಗಡಿಯೊಳಗಿನ ತಿಕೋಂಡಿಯಲ್ಲಿ, ರಸ್ತೆಯ ಬದಿಗೆ, ತಗಡಿನ ಶೆಡ್ಡಿನಲ್ಲಿ ಸೈಕಲ್ ಮಾಡುತ್ತಾನೆ. ರಿಪೇರಿ ಅಲ್ಲ, ಪಂಕ್ಚರ್ ಅಂತೂ ಅಲ್ಲವೇ ಅಲ್ಲ. ಪಂಕ್ಚರ್ ತಿದ್ದಲು ಕೇಳಿದವರನ್ನು ಅವನು ನೋಡುವ ನೋಟ ದೇವರಿಗೇ ಪ್ರೀತಿ. ಉಕ್ಕಿನ ಪೈಪು ಕೊಯ್ದು, ತುದಿ ಅರದಿಂದ ಉಜ್ಜಿ ಒಂದಕ್ಕೊಂದು ಕೂರಿಸಿ, ಹಿತ್ತಾಳೆ ಬೆಸುಗೆ ಹಾಕಿ, ಒಬ್ಬೊಬ್ಬರ ಮೈಗೆ ಒಪ್ಪುವ ಫ್ರೇಮನ್ನು ಕೈಯಿಂದಲೇ ಕಟ್ಟುತ್ತಾನೆ. ಟೇಲರ್ ಅಂಗಿ ಹೊಲಿದಂತೆ ಎಂದುಕೊಳ್ಳಿ. ಟೇಲರ್ ಮಾತ್ರ ಅಳತೆಗಾಗಿ ನಿಮ್ಮ ಬೆನ್ನು ಹತ್ತುವುದಿಲ್ಲ.

ಒಮ್ಮೆ ನಮ್ಮ ಬಳಗದ ಲಗ್ನ. ಎಲ್ಲರೂ ಸಾಲುಗಟ್ಟಿ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಿದ್ದೆವು. ಮಾಮಾನ ಸರದಿ ಬಂತು. ಆಯೇರಿಯ ಟವೆಲ್ಲು ಕೈಯಲ್ಲೇ ಇದೆ, ಈ ಮಹಾರಾಯ ವರನ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ! ವರ ಗಾಬರಿಯಾಗಿ ಧೋತರ ಹಿಡಿದುಕೊಂಡ.

“ಮಾಮಾ, ಮಂದಿ ನೋಡಾಕತ್ತ್ಯಾರ, ಎದ್ದ ಬಾ,” ಎಂದೆ ಹಲ್ಲು ಕಚ್ಚಿ.

“ನೋಡ್ಲಿ ತಗೋ, ಅವ್ರಿಗೇನ ತಿಳೀತದ? ಹುಡುಗನ ಕಾಲು ಉದ್ದ ಅದಾವು, ನಡಾ ಗಿಡ್ಡ. ತಮ್ಮಾ, ಪ್ಯಾಟಿ ಸೈಕಲ್ ಹೊಡೀಬ್ಯಾಡ, ಮೊಣಕಾಲ ಹೋಗ್ತಾವು. ನನ್ನ ಕಡೆ ಬಾ.”

ವರನಿಗೆ ಮಾವನ ಮನೆಯಿಂದ ಮೋಟರ್‌ಸೈಕಲ್ಲು ಬಂದು ಮಂಟಪದ ಹೊರಗೆ ಹೂಮಾಲೆ ಹಾಕಿಕೊಂಡು ನಿಂತಿತ್ತು! ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ. ಮಾಮಾ ಎರಡು ಸಲ ಹುಗ್ಗಿ ಹಾಕಿಸಿಕೊಂಡ.

ನಕ್ಕಿರಿ, ಅಲ್ಲವೇ? ನಗಿಸುವ ಕಲೆ ನನಗಿದೆ. ಮಾಸ್ತರಿಕೆಯ ಇಪ್ಪತ್ತೈದು ವರ್ಷ ಮಾಮಾನ ಕಥೆ ಹೇಳಿ ಹೇಳಿಯೇ ಮಂದಿಯನ್ನು ನಗಿಸಿದ್ದೇನೆ. ಹಾಗೆ ನಗಿಸುತ್ತಲೇ ಅವನ ಕೆಲಸದ ಹೆಸರನ್ನು ನನ್ನ ಕೈಯಾರೆ ಕೆಡಿಸಿದ್ದೇನೆ. ಕೆಡಿಸಿದ ಹೆಸರನ್ನು ತಿದ್ದಲು ಸಾಧ್ಯವೇ ಎಂದು ನೋಡಲು ಈಗ ಕುಳಿತಿದ್ದೇನೆ. ಸಂಕೋಚವಾಗುತ್ತಿದೆ. ಆದರೂ ಬರೆಯುತ್ತೇನೆ.

ಮಾಮಾನ ಅಳತೆಯ ರೀತಿ ಕೇಳಿ. ಮೊದಲು ದಾರ. ಗಿರಾಕಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಕಾಲಿಗೊಂದು ಗಂಟು, ಬೆನ್ನಿಗೊಂದು ಗಂಟು, ತೋಳಿಗೊಂದು ಗಂಟು. ಆ ದಾರಗಳು ಗೋಡೆಯ ಮೊಳೆಗಳ ಮೇಲೆ ತೂಗುತ್ತವೆ. ಒಂದಕ್ಕೂ ಹೆಸರು ಬರೆದಿಲ್ಲ. ಯಾವುದು ಯಾರದೆಂದು ಮಾಮಾನಿಗೆ ಗೊತ್ತು. ಒಮ್ಮೆ ಮಾಮಿ, ಅಂದರೆ ಅವನ ಹೆಂಡತಿ, ಕೈಗೆ ಸಿಕ್ಕ, ಊರ ಲೆಕ್ಕಿಗ ತಲಾಠಿಯ ದಾರದಿಂದ ಜೋಳದ ಚೀಲದ ಬಾಯಿ ಕಟ್ಟಿಬಿಟ್ಟಳು. “ತಲಾಠಿ ಸಾಹೇಬ್ರನ್ನ ಜ್ವಾಳದ ಹಗೇವಿಗೆ ಹಾಕಿದಿ!” ಎಂದು ಮಾಮಾ ಮೂರು ದಿನ ಅವಳೊಡನೆ ಮಾತು ಬಿಟ್ಟಿದ್ದ.

ದಾರ ಆದ ಮೇಲೆ ಡಬಲ್‌ಸೀಟು. ಗಿರಾಕಿ ಸೈಕಲ್ ತುಳಿಯಬೇಕು, ಮಾಮಾ ಹಿಂದಿನ ಕ್ಯಾರಿಯರ್ ಮೇಲೆ ಕೂರುತ್ತಾನೆ. ಕಣ್ಣು ಮುಚ್ಚಿ, ಎರಡು ಕೈ ಗಿರಾಕಿಯ ನಡುವಿನ ಮೇಲೆ! ಹಾಗೆಯೇ ಎರಡು ಮೈಲು ಹೋಗಿ ಬರಬೇಕು. ಯಾರು ಹೇಗೆ ತುಳಿಯುತ್ತಾರೆ, ಎಲ್ಲಿ ಭಾರ ಹಾಕುತ್ತಾರೆ, ಏರಿನಲ್ಲಿ ಯಾವ ಕಡೆ ವಾಲುತ್ತಾರೆ, ಎಲ್ಲ ಅವನಿಗೆ ಅಂಗೈಯಿಂದ ತಿಳಿಯುತ್ತದಂತೆ. ಏರಿನಲ್ಲಿ ಉಸಿರು ಹತ್ತಿ ಓಡಿಹೋದ ಗಿರಾಕಿಗಳೂ ಉಂಟು. ಹೆಣ್ಣುಮಕ್ಕಳಾದರೆ ಹಿಂದೆ ಮಾಮಿ ಕೂರುತ್ತಾಳೆ, ಬಂದು ವರದಿ ಒಪ್ಪಿಸುತ್ತಾಳೆ. ಅಂಗನವಾಡಿಯ ಬಾಯಿಯವರ, ಅಂದರೆ ಟೀಚರಮ್ಮನವರ, ಬಗ್ಗೆ ಮಾಮಿಯ ವರದಿ ಇಷ್ಟೇ: “ತುಳಿಯೂದು ಚಲೋ ತುಳೀತಾರ. ಆದ್ರ ಹಾದ್ಯಾಗ ಸಿಕ್ಕಾವ್ರನ್ನ ಒಬ್ಬರನ್ನೂ ಬಿಡೂದಿಲ್ಲ, ನಿಂತ ಮಾತಾಡ್ತಾರ.” ಮಾಮಾ ತಲೆ ಅಲ್ಲಾಡಿಸಿದ. ಕೆಳಗಿಳಿಯದೆ, ಸೀಟಿನ ಮೇಲೆ ಕುಳಿತೇ ಎರಡೂ ಕಾಲು ನೆಲಕ್ಕೂರಿ ತಾಸುಗಟ್ಟಲೆ ಮಾತಾಡಬಹುದಾದಂಥ ತಗ್ಗು ಫ್ರೇಮು ಕಟ್ಟಿಕೊಟ್ಟ. ಬಾಯಿಯವರು ಈಗಲೂ ಅದರ ಮೇಲೆಯೇ ಇದ್ದಾರೆ, ಮಾತೂ ನಡೆದಿದೆ.

ಇನ್ನೊಬ್ಬ ಕುರಿ ಕಾಯುವವ. “ಮಿಸ್ತ್ರಿ, ನನಗ ಜೋರ ಹೋಗೂದು ಬ್ಯಾಡ್ರಿ. ಕುರಿ ಹಿಂದ ಹೋಗಬೇಕು, ಬೀಳಬಾರದು,” ಎಂದ. ಮಾಮಾ ಒಂದು ವಾರ ಅದೇ ಗುಂಗಿನಲ್ಲಿದ್ದ. “ಎಲ್ಲಾರೂ ಲಗೂನ ಓಡೂ ಸೈಕಲ್ ಕೇಳ್ತಾರ. ಸಾವಕಾಶ ಹೋಗೂದು ಕೇಳಿದ ಶ್ಯಾಣ್ಯಾ ಇವನೊಬ್ಬನ ನೋಡ!” ಎಂದು ಸಿಕ್ಕವರಿಗೆಲ್ಲ ಹೇಳಿದ. ಉದ್ದನೆಯ ಫ್ರೇಮು, ಅಗಲ ಹ್ಯಾಂಡಲ್ಲು, ಮುಂದೆ ಆಗತಾನೆ ಹುಟ್ಟಿದ ಮರಿ ಇಡಲು ಬುಟ್ಟಿ. ಎಷ್ಟು ಸಾವಕಾಶ ಹೋಗುತ್ತದೆಂದರೆ, ಕುರಿಗಳೇ ಬೇಸತ್ತು ನಿಂತು ಹಿಂತಿರುಗಿ ನೋಡುತ್ತವೆ!

ಇನ್ನು ನನ್ನ ಸೈಕಲ್ಲು.

ನನಗೆ ದರಿಬಡಚಿಯ ಹತ್ತಿರ ಹೊಲಗಳ ನಡುವಿನ ಒಂದು ಸಣ್ಣ ವಸ್ತಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ಮನೆಯಲ್ಲಿ ಕನ್ಯೆ ನೋಡುವುದೂ ಶುರುವಾಗಿತ್ತು. “ಮಾಸ್ತರಗ ನಾ ಸೈಕಲ್ ಮಾಡಿಕೊಡತೀನಿ,” ಎಂದ ಮಾಮಾ. ಡಬಲ್‌ಸೀಟು ಹೋದೆವು. ಸದಾ ವಟಗುಟ್ಟುವವನು ಆ ದಿನ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ತಿರುಗಿ ಬಂದವನೇ, “ಇನ್ನೊಂದ ಸಲ ಹೋಗೂಣು,” ಎಂದ. ಮತ್ತೆ ಹೋದೆವು. ನನ್ನ ತುಳಿತದ ಅಂದಕ್ಕೆ ಮರುಳಾಗಿದ್ದಾನೆ ಎಂದುಕೊಂಡೆ. ಎಂಥ ಅಹಂಕಾರ ನೋಡಿ!

ತಿಂಗಳ ಮೇಲೆ ಸೈಕಲ್ಲು ಬಂತು. ಹಸಿರು ಬಣ್ಣ, ಮಿರಮಿರ ಮಿಂಚುತ್ತಿತ್ತು. ಹತ್ತಿದೆ, ಹಾಯಾಗಿತ್ತು. ಶಾಲೆಗೆ ಹೋದೆ. ಹಿಂದಿನಿಂದ ನೋಡಿದ ಹೆಡ್‌ಮಾಸ್ತರರು ಕೇಳಿದರು: “ಇದೇನ್ರಿ ಮಾಸ್ತರ, ನಿಮ್ಮ ಸೀಟ ಸೊಟ್ಟ ಅದಲ್ಲ?”

ಇಳಿದು ನೋಡಿದೆ. ಹೌದು! ಸೀಟಿನ ಪೈಪು ಸ್ವಲ್ಪ ಎಡಕ್ಕೆ ವಾಲಿದೆ. ಸಾಲದ್ದಕ್ಕೆ ಎಡಗಡೆಯ ಪೆಡಲ್ಲಿಗೆ ಒಂದು ಕಟ್ಟಿಗೆಯ ಹಲಗೆ ಬಡಿದು, ಬಲಗಡೆಯದಕ್ಕಿಂತ ದಪ್ಪ ಮಾಡಿದ್ದಾನೆ. ಶಾಲೆಯೆಲ್ಲ ನಕ್ಕಿತು. ಹೊಸ ಮಾಸ್ತರ, ಹೊಸ ಪ್ಯಾಂಟು, ಸೊಟ್ಟ ಸೈಕಲ್ಲು! ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಭಾನುವಾರವೇ ತಾಲೂಕಿನ ಊರು ಜತ್ತಕ್ಕೆ ಒಯ್ದು, ಒಬ್ಬ ವೆಲ್ಡರ್ ಕೈಯಿಂದ ಪೈಪು ಕಾಸಿಸಿ ನೆಟ್ಟಗೆ ಮಾಡಿಸಿದೆ, ಹಲಗೆ ಕಿತ್ತೆಸೆದೆ.

ಮುಂದಿನ ಹಬ್ಬಕ್ಕೆ ತಿಕೋಂಡಿಗೆ ಹೋದಾಗ ಮಾಮಾ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಕಾಸಿದ ಜಾಗದಲ್ಲಿ ಬಣ್ಣ ಸುಟ್ಟು ಕಪ್ಪಾಗಿತ್ತು. ಅಲ್ಲಿ ಬೆರಳಾಡಿಸಿದ. ಶೆಡ್ಡಿನಲ್ಲಿ ನಾಲ್ಕು ಜನ ಇದ್ದರು.

“ಮಾಮಾ, ಅವತ್ತ ಏನ ಕುಡದ ಮಾಡಿದ್ದಿ?” ಎಂದೆ ನಾನು. ನಾಲ್ವರೂ ಗೊಳ್ಳೆಂದು ನಕ್ಕರು. ಅವನು ಕುಡಿಯುವವನಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಮಾಮಾ ಸುಟ್ಟ ಬಣ್ಣದ ಮೇಲಿಂದ ಕೈ ತೆಗೆದ. “ಕೈ ತಪ್ಪಿತ್ತೋ ಏನೋಪಾ,” ಎಂದು ಒಳಗೆ ಹೋದ.

ಅಲ್ಲಿಗೆ ಬಿಟ್ಟೆನೇ? ಎಲ್ಲಿಯ ಮಾತು! ಕಥೆ ನನ್ನ ಬಾಯಲ್ಲಿ ಬೆಳೆಯುತ್ತಾ ಹೋಯಿತು. ಸೀಟು ಎಡಕ್ಕೆ ವಾಲಿತ್ತು ಎಂಬುದು ಎರಡನೆಯ ವರ್ಷ, ಎಡಕ್ಕೇ ತಿರುಗುತ್ತಿತ್ತು ಎಂದಾಯಿತು. ಐದನೆಯ ವರ್ಷ, ಜತ್ತಕ್ಕೆಂದು ಹೊರಟರೆ ವಿಜಯಪುರ ಮುಟ್ಟಿಸುತ್ತಿತ್ತು ಎಂದಾಯಿತು! ಟ್ರೇನಿಂಗಿನಲ್ಲಿ, ಚಹಾದ ಅಂಗಡಿಯಲ್ಲಿ, ಬೀಗರ ಮನೆಯಲ್ಲಿ, ಕನ್ನಡದಲ್ಲಿ, ಮರಾಠಿಯಲ್ಲಿ, ಎಲ್ಲ ಕಡೆ ಹೇಳಿದೆ. ಊರ ಮಂದಿ ಮಾಮಾನ ಶೆಡ್ಡಿಗೆ ಹೋಗಿ, “ಮಿಸ್ತ್ರಿ, ನಂದಾದ್ರೂ ನೆಟ್ಟಗ ಮಾಡ್ರಿಪಾ,” ಎಂದು ಚೇಷ್ಟೆ ಮಾಡತೊಡಗಿದರು. ಬರಬರುತ್ತಾ ಚೇಷ್ಟೆಯೇ ನಿಜವಾಗಿ, ಕೆಲವರು ಅತ್ತ ಹೋಗುವುದನ್ನೇ ಬಿಟ್ಟರು.

ಎರಡು ವರ್ಷದ ಹಿಂದೆ ದೊಡ್ಡ ಊರಿನ ಸೈಕಲ್ ಹವ್ಯಾಸಿಗಳು ಎಂಟು ಜನ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಸೈಕಲ್ ತುಳಿಯುತ್ತಾ ಬಂದವರು, ನಮ್ಮ ಶಾಲೆಯ ಕಟ್ಟೆಯ ಮೇಲೆ ದಣಿವಾರಿಸಿಕೊಂಡರು. ಆ ಕುರಿಯವನ ಸೈಕಲ್ಲು ಬೇವಿನ ಮರಕ್ಕೆ ಆನಿಕೊಂಡು ನಿಂತಿತ್ತು. ಅವರಲ್ಲಿ ಒಬ್ಬರು ಅದರ ಬೆಸುಗೆಯನ್ನು ಕೂತು ನೋಡಿದರು, ನಿಂತು ನೋಡಿದರು, ಉಳಿದವರನ್ನು ಕೂಗಿ ಕರೆದರು. ಇಂಥ ಕೈ ಈ ಕಡೆ ಯಾರಿಗಿದೆ, ನಮಗೂ ಒಂದೊಂದು ಮಾಡಿಕೊಡುತ್ತಾರೆಯೇ ಎಂದು ನನ್ನನ್ನೇ ಕೇಳಿದರು.

ನನ್ನ ಮಾಮಾ ಎಂದು ಹೇಳಬಹುದಾಗಿತ್ತು. ದಾರಿ ತೋರಿಸಬಹುದಾಗಿತ್ತು. ನಾನು ಮಾಡಿದ್ದೇನು? ಎಂಟು ಜನ ಹೊಸ ಕೇಳುಗರು ಸಿಕ್ಕರೆಂದು ಸೊಟ್ಟ ಸೈಕಲ್ಲಿನ ಕಥೆ ಹೇಳಿದೆ! ವಿಜಯಪುರದ ತನಕ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು, ನೀರು ಕುಡಿದರು, ಗುಡ್ಡಾಪುರದ ಕಡೆ ಹೋದರು. ತಿಕೋಂಡಿಗೆ ಒಬ್ಬರೂ ಹೋಗಲಿಲ್ಲ.

ಅದೇ ವರ್ಷ ನನ್ನ ಬೆನ್ನು ನೋವು ಬಲವಾಯಿತು. ಹಲವು ವರ್ಷಗಳಿಂದ ಇದ್ದದ್ದೇ, ಈಗ ಏಳಲು ಕೂರಲು ಆಗದಂತಾಯಿತು. ಮಿರಜದಲ್ಲಿ ಒಬ್ಬ ಡಾಕ್ಟರು ಮಲಗಿಸಿ, ನಿಲ್ಲಿಸಿ, ಫೋಟೋ ತೆಗೆಸಿ ನೋಡಿದರು. ನಿಮ್ಮ ಎಡಗಾಲು ಬಲಗಾಲಿಗಿಂತ ಅರ್ಧ ಇಂಚು ಗಿಡ್ಡ ಇದೆ, ಚಿಕ್ಕಂದಿನಿಂದಲೇ ಇದ್ದಿರಬೇಕು ಎಂದರು. ನಡೆದರೆ ಕಾಣುವಷ್ಟಲ್ಲ, ಸೈಕಲ್ ತುಳಿಯುವಾಗ ಮಾತ್ರ ನಡು ಒಂದು ಕಡೆ ಜಗ್ಗುತ್ತದೆ. “ಇಷ್ಟು ವರ್ಷ ಯಾರೂ ಗುರುತಿಸಲಿಲ್ಲವೇ?” ಎಂದು ಕೇಳಿದರು.

ಒಬ್ಬ ಗುರುತಿಸಿದ್ದ. ಕಣ್ಣು ಮುಚ್ಚಿಕೊಂಡು, ಎರಡು ಅಂಗೈಗಳಿಂದ, ಸಂಶಯ ಉಳಿಯಬಾರದೆಂದು ಎರಡೆರಡು ಸಲ ಹೋಗಿ ಗುರುತಿಸಿದ್ದ.

ಮಿರಜದಿಂದ ಎಸ್‌ಟಿ ಬಸ್ಸಿನಲ್ಲಿ ಹೇಗೆ ಬಂದೆನೋ ತಿಳಿಯದು. ಪಕ್ಕದಲ್ಲಿದ್ದವರು ಟಿಕೆಟ್ ಕಳೆದುಹೋಯಿತೇ ಎಂದು ವಿಚಾರಿಸಿದರು. ಮರುದಿನ ಭಾನುವಾರ, ನೆಟ್ಟಗೆ ತಿಕೋಂಡಿಗೆ ಹೋದೆ. ನಾಲ್ಕು ಜನರ ಮುಂದೆ ಕೆಡಿಸಿದ ಹೆಸರನ್ನು ನಾಲ್ಕು ಜನರ ಮುಂದೆಯೇ ತಿದ್ದಬೇಕು ಎಂಬುದು ನನ್ನ ಹಟ. ಶೆಡ್ಡಿನಲ್ಲಿ ಕುರಿಯವ, ಅಂಗನವಾಡಿಯ ಬಾಯಿಯವರು, ಹಾಲು ಹಾಕುವ ಇಬ್ಬರು, ಎಲ್ಲ ಇದ್ದರು. ನಡುವೆ ನಿಂತು, ಶಾಲೆಯಲ್ಲಿ ಭಾಷಣ ಮಾಡುವ ಧ್ವನಿಯಲ್ಲೇ ಹೇಳಿದೆ:

“ಎಲ್ಲಾರೂ ಕೇಳ್ರಿ. ಮಾಮಾ ನನಗ ಮಾಡಿದ ಸೈಕಲ್ ಸೊಟ್ಟ ಇರಲಿಲ್ಲ. ನನ್ನ ಎಡಗಾಲ ಗಿಡ್ಡ ಅದ. ಅದಕ್ಕ ಹೊಂದಿಸಿ ಮಾಡಿದ್ದ. ತಪ್ಪ ನಂದು.”

ಮಾಮಾ ಅರ ಉಜ್ಜುತ್ತಿದ್ದವನು ತಲೆಯೆತ್ತದೆ ಹೇಳಿದ: “ಸುಳ್ಳ ಹೇಳ್ತಾನ್ರಿ. ಅವತ್ತ ನನ್ನ ಕೈ ತಪ್ಪಿತ್ತು.”

“ಮಾಮಾ!”

“ಪೈಪ ವಾಲಿತ್ತು. ಮುಚ್ಚಾಕ ಆಗಲಿಲ್ಲ, ಹಂಗ ಕೊಟ್ಟೆ. ಇವನ ಕಾಲ ಎರಡೂ ಸರಿ ಅದಾವು.”

“ಮಾಮಿ, ನೀ ಹೇಳ. ನಿನಗ ಗೊತ್ತದ,” ಎಂದು ಒಳಗೆ ಕೂಗಿದೆ. “ನನಗೇನ ಗೊತ್ತೋ ಯಪ್ಪಾ, ನಾ ರೊಟ್ಟಿ ಬಡಿಯಾಕತ್ತಿದ್ದೆ,” ಎಂದು ಉತ್ತರ ಬಂತು. ಇಪ್ಪತ್ತಮೂರು ವರ್ಷದ ಹಿಂದಿನ ಮಾತಿಗೆ!

ಕುರಿಯವನ ಕಣ್ಣಲ್ಲಿ ನೀರು ಬಂದಿತ್ತು. “ನೋಡ್ರಿ, ಮಾಮಾನ ಮಾನಾ ಉಳಸಾಕ ಮಾಸ್ತರ ತಮ್ಮ ಕಾಲಿಗೇ ಹೆಸರಿಟ್ಟಕೊಂಡ್ರು! ಅಳಿಯಾ ಇದ್ರ ಹಿಂಗ ಇರಬೇಕು,” ಎಂದ. ಬಾಯಿಯವರು ಹೌದೌದು ಎಂದರು. ಅಂದು ಸಂಜೆಯೊಳಗೆ ಬಾಯಿಯವರ ಸೈಕಲ್ಲಿನಿಂದ ನನ್ನ ದೊಡ್ಡತನ ನಾಲ್ಕು ವಸ್ತಿಗೆ ಮುಟ್ಟಿತ್ತು. ತಪ್ಪೊಪ್ಪಿಕೊಳ್ಳಲು ಹೋಗಿ ಹೊಗಳಿಸಿಕೊಂಡು ಬಂದವನು ನನ್ನ ಹಾಗೆ ಇನ್ನೊಬ್ಬ ಇರಲಿಕ್ಕಿಲ್ಲ. ಅಷ್ಟು ನಾಚಿಕೆ ನನಗೆ ಬೈಸಿಕೊಂಡಾಗಲೂ ಆಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಮಾಮಾ ಅರ ಕೆಳಗಿಟ್ಟ.

“ಮಾಸ್ತರಕಿ ಮಾಡ್ತಿ, ಬುದ್ಧಿ ಎಲ್ಲಿಟ್ಟೀಲೇ? ಅವಾಗ ನಿನಗ ಕನ್ಯಾ ನೋಡಾಕತ್ತಿದ್ರು. ವರನ ಕಾಲಾಗ ಊನ ಅದ ಅಂತ ನಾ ಬಾಯಿ ಬಿಟ್ಟಿದ್ರ ಯಾರ ಹೆಣ್ಣ ಕೊಡ್ತಿದ್ರು?”

“ಈಗೇನ ಮಾಮಾ, ಈಗ ನನಗ ಐವತ್ತ ಆಗಾಕ ಬಂದಾವು.”

“ನಿನಗ ಆತಪಾ. ಮಗಳು ಲಗ್ನಕ್ಕ ಬಂದಾಳ. ಅಪ್ಪನ ಕಾಲ ಗಿಡ್ಡ ಅಂದ್ರ ಬೀಗರ ಮಂದಿ ಕೂಸಿನ ಕಾಲ ಅಳ್ಯಾಕ ಬರ್ತಾರ. ಆಕಿದು ಆಗೂ ತನಕಾ ಬಾಯಿ ಮುಚ್ಚಕೊಂಡ ಇರ. ಆಮ್ಯಾಲ ಬೇಕಾದ್ರ ಡಂಗುರ ಹೊಡಿ.”

“ಅಲ್ಲೀ ತನಕಾ ನಿನ್ನ ಹೆಸರು?”

“ಹೆಸರ ತಗೊಂಡ ನಾ ಏನ ಉಪ್ಪಿನಕಾಯಿ ಹಾಕ್ಲಿ?” ಎಂದ. ಆಮೇಲೆ ಬಗ್ಗಿ ನನ್ನ ಎಡಗಾಲಿನ ಚಪ್ಪಲಿ ಬಿಡಿಸಿಕೊಂಡ. ಹಳೆಯ ಟೈರಿನ ತುಂಡೊಂದನ್ನು ಹಿಮ್ಮಡಿಯ ಆಕಾರಕ್ಕೆ ಕೊಯ್ದು, ನೆಲದ ಮೇಲೆ ಕುಳಿತು, ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡತೊಡಗಿದ. ಎಪ್ಪತ್ತು ದಾಟಿದ ಹಿರಿಯ, ನನ್ನ ತಾಯಿಯ ಅಣ್ಣ, ನನ್ನ ಕಾಲು ಹಿಡಿದು ಕುಳಿತಿದ್ದ. ನನಗೆ ತಡೆಯಲಾಗಲಿಲ್ಲ. ಅವನ ಕಾಲು ಮುಟ್ಟಲು ಬಗ್ಗಿದೆ.

“ಬಗ್ಗಬ್ಯಾಡ. ಅಳತಿ ತಪ್ಪತದ,” ಎಂದು ಗದರಿದ. ಗೋಡೆ ಹಿಡಿದುಕೊಂಡು, ಅಳುತ್ತಾ, ನೆಟ್ಟಗೆ ನಿಂತೆ.

ಮಗಳ ಲಗ್ನ ಹೋದ ತಿಂಗಳು ಚೆನ್ನಾಗಿ ಆಯಿತು. ಅದಕ್ಕೇ ತಿಕೋಂಡಿಯವರಿಗೆ, ದರಿಬಡಚಿಯವರಿಗೆ, ಅಂದು ಶಾಲೆಯ ಕಟ್ಟೆಯ ಮೇಲೆ ನಕ್ಕು ಹೋದ ಆ ಎಂಟು ಜನರಿಗೆ ಹೇಳುತ್ತಿದ್ದೇನೆ. ನನ್ನ ಎಡಗಾಲು ಅರ್ಧ ಇಂಚು ಗಿಡ್ಡ. ನಮ್ಮ ಮಾಮಾ ಮಾಡಿದ ಸೈಕಲ್ಲಿನಲ್ಲಿ ಏನೂ ತಪ್ಪಿರಲಿಲ್ಲ.