ನಡುಕೋಣೆಯಲ್ಲಿ ಒಂದು ಪರೀಕ್ಷೆ

ಈ ಕಥೆಯಲ್ಲಿ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬ ವಿಷಯದಲ್ಲಿ ನನ್ನನ್ನು ಪೂರ್ತಿ ನಂಬಬೇಡಿ. ದಿನಚರಿ ಬರೆಯುವ ಅಭ್ಯಾಸ ನನಗೆ ಇದೆ ನಿಜ, ಆದರೆ ಬರೆಯುವುದು ಸಿಟ್ಟು ಬಂದ ದಿನ ಮಾತ್ರ. ಅದನ್ನು ಓದಿದವರು ವಡೋದರಾದಲ್ಲಿ ಇವಳಿಗೆ ಒಂದೇ ಒಂದು ಒಳ್ಳೆಯ ದಿನವೂ ಬರಲಿಲ್ಲ, ಪಾಪ, ಎಂದುಕೊಂಡಾರು. ಬಂದಿದ್ದವು. ನೆನಪಿನಲ್ಲಿ ಉಳಿದಿಲ್ಲ, ಅಷ್ಟೆ.

ನಾನಿರುವುದು ಮಂಜಲ್‌ಪುರದಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಕೆಳಗೆ ಅವರ ಉಡುಪಿ ಹೋಟೆಲು, ಮೇಲೆ ಮನೆ. ಒಂದು ತುದಿಗೆ ಅಡುಗೆಮನೆ, ಅದು ಚಿಕ್ಕಮ್ಮನ ರಾಜ್ಯ. ಇನ್ನೊಂದು ತುದಿಗೆ ಟೀವಿಯ ಕೋಣೆ, ಅಲ್ಲಿ ಚಿಕ್ಕಪ್ಪ. ನಡುವಿನ ಕೋಣೆ ನನ್ನದು. ನನ್ನ ಕಷ್ಟಗಳೆಲ್ಲ ಈ ನಕ್ಷೆಯಿಂದಲೇ ಹುಟ್ಟಿದವು. ಏಕೆಂದರೆ ಚಿಕ್ಕಪ್ಪ ಹೋಟೆಲಿನಲ್ಲಿ ಚೀಸ್ ನೀರ್‌ದೋಸೆ ಶುರುಮಾಡಿದ್ದಕ್ಕೆ ಚಿಕ್ಕಮ್ಮ ಅವರೊಡನೆ ಮಾತು ಬಿಟ್ಟಿದ್ದರು. "ಮಸಾಲೆದೋಸೆಗೆ ಹಾಕಿದ್ರು, ಸುಮ್ಮನಿದ್ದೆ. ನೀರ್‌ದೋಸೆ ಮೇಲೆ ಚೀಸ್ ತುರಿದವರ ಹತ್ರ ನನಗೆಂತ ಮಾತುಂಟು?" ಎಂದು ನನ್ನನ್ನು ಕೇಳುತ್ತಿದ್ದರು. ಚಿಕ್ಕಪ್ಪನೂ ನನಗೇ ಉತ್ತರ ಕೊಡುತ್ತಿದ್ದರು: "ಗಿರಾಕಿ ಕೇಳಿದ್ರೆ ನಾನೆಂತ ಮಾಡ್ಲಿ? ಅವಳತ್ರ ಹೇಳು, ಇದು ಉಡುಪಿ ಅಲ್ಲ ಅಂತ."

ಮೂವರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಿದ್ದೆವು. "ಕೇಳು ಅವರಿಗೆ, ಸಾರು ಬೇಕಾ ಅಂತ" ಎನ್ನುವರು ಚಿಕ್ಕಮ್ಮ. ಸಾರಿನ ಪಾತ್ರೆ ಚಿಕ್ಕಪ್ಪನ ಮೂಗಿನ ಕೆಳಗೇ ಇರುತ್ತಿತ್ತು. ನಾನು "ಚಿಕ್ಕಪ್ಪ, ಸಾರು ಬೇಕಾ ಅಂತೆ" ಎನ್ನಬೇಕು. ಅವರು "ಸ್ವಲ್ಪ ಹಾಕ್ಲಿ ಅಂತ ಹೇಳು" ಎನ್ನಬೇಕು. ನಾನು ಅದನ್ನು ಹೇಳಿ ಮುಗಿಸುವವರೆಗೆ ಸೌಟು ಗಾಳಿಯಲ್ಲೇ ನಿಂತಿರುತ್ತಿತ್ತು. ನನ್ನ ಅನ್ನ ಆರುತ್ತಿತ್ತು.

ಇಂಥ ಹೊತ್ತಿನಲ್ಲೇ ಅಲ್ಕಾಪುರಿಯ ನನ್ನ ಆಫೀಸಿನಲ್ಲಿ ಅಜೈಲ್ ಎಂಬ ಗಾಳಿ ಬೀಸಿತು. ಕೆಲಸವನ್ನು ಚಿಕ್ಕಚಿಕ್ಕ ತುಂಡು ಮಾಡಿ, ದಿನಾ ಬೆಳಿಗ್ಗೆ ತಂಡದವರೆಲ್ಲ ನಿಂತುಕೊಂಡು ನಿನ್ನೆ ಏನಾಯಿತು, ಇವತ್ತು ಏನು, ಅಡ್ಡಿ ಏನು ಎಂದು ಹೇಳಿಕೊಳ್ಳುವ ಪದ್ಧತಿ ಅದು. ಇದನ್ನೆಲ್ಲ ನಡೆಸಿಕೊಡಲು ಒಬ್ಬರು ಬೇಕು, ಅವರಿಗೆ ಕನಿಷ್ಠ ಮೊದಲ ಹಂತದ ಸರ್ಟಿಫಿಕೇಟ್ ಬೇಕು. ಮ್ಯಾನೇಜರ್ ನನ್ನನ್ನು ಕರೆದು, "ಶುಭಾಬೆನ್, ಪಾಸಾದರೆ ಇಲ್ಲಿನ ತಂಡ ನಿಮ್ಮದು. ಇಲ್ಲವಾದರೆ ಹಜೀರಾದಲ್ಲಿ ಒಂದು ಜಾಗ ಖಾಲಿ ಇದೆ" ಎಂದರು. ಸೂರತ್ ಆಚೆಯ ಹಜೀರಾದಲ್ಲಿ, ಕಾರ್ಖಾನೆಗಳ ನಡುವಿನ ಒಂದು ಕಾಲನಿಯಲ್ಲಿ ಒಬ್ಬಳೇ ಇದ್ದುಕೊಂಡು, ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಈಗಾಗಲೇ ಒಂದು ವರ್ಷ ಅಲ್ಲಿ ಅದನ್ನೇ ಮಾಡಿ ಬಂದವಳು ನಾನು. ಮತ್ತೆ ಹೋಗುವುದಕ್ಕಿಂತ ಸಾರಿನ ದೂತಿಯಾಗಿರುವುದೇ ಮೇಲು.

ನನ್ನ ಹೊಸ ಕೆಲಸ ಏನೆಂದು ಚಿಕ್ಕಮ್ಮನಿಗೆ ವಿವರಿಸಿದೆ. ಆ ಹುದ್ದೆಯವರು ಯಾರಿಗೂ ಅಪ್ಪಣೆ ಕೊಡುವಂತಿಲ್ಲ, ತಂಡದ ಕೆಲಸವನ್ನು ತಾವೇ ಮಾಡಿಬಿಡುವಂತಿಲ್ಲ, ಉಳಿದವರು ಮಾಡುವಂತೆ ನೋಡಿಕೊಳ್ಳಬೇಕು.

"ಮಾಡ್ಲಿಕ್ಕೂ ಇಲ್ಲ, ಮಾಡಿಸ್ಲಿಕ್ಕೂ ಇಲ್ಲ. ಮತ್ತೆ ಸಂಬಳ ಎಂತಕ್ಕೆ ಮಾರಾಯ್ತಿ?"

ಟೀವಿಯ ಕಡೆಯಿಂದ ಚಿಕ್ಕಪ್ಪನ ದನಿ ಬಂತು: "ಅವಳತ್ರ ಹೇಳು, ಅಂಥವರು ನಮ್ಮ ಹೋಟೆಲಲ್ಲಿ ಈಗಾಗ್ಲೇ ಇಬ್ಬರಿದ್ದಾರೆ ಅಂತ."

ತರಬೇತಿ ಅಹಮದಾಬಾದಿನಲ್ಲಿ, ಒಂದು ಶನಿವಾರ-ಭಾನುವಾರ. ಎಂ.ಎಸ್ಸಿ. ಮಾಡಿದ, ಸಾಲ ತೀರಿಸುತ್ತಿರುವ, ಮೊಣಕಾಲು ನೋವಿರುವ ಜನರನ್ನೆಲ್ಲ ಗುಂಪು ಮಾಡಿ ಕೂರಿಸಿ, ಹಪ್ಪಳದಂತೆ ಗರಿಗರಿಯಾದ ಗುಜರಾತಿ ರೊಟ್ಟಿ ಖಾಖ್ರಾಗಳನ್ನು ಜೋಡಿಸಿ ಗೋಪುರ ಕಟ್ಟಿ ಎಂದರು ಮೇಷ್ಟ್ರು. ತಂಡದ ಶಕ್ತಿ ತಿಳಿಯಲಿಕ್ಕಂತೆ. ನಮ್ಮ ಗುಂಪಿನವರೊಬ್ಬರು ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದರು. ಅಡಿಪಾಯವನ್ನೇ ತಿಂದುಬಿಟ್ಟರು. ಮೇಷ್ಟ್ರು ಅದಕ್ಕೂ ಚಪ್ಪಾಳೆ ತಟ್ಟಿ, "ನೋಡಿ, ಇದೇ ಕಲಿಕೆ!" ಎಂದರು. ಏನು ಕಲಿತೆವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು: "ನೀವು ಇಲ್ಲದೆಯೂ ತಂಡ ನಡೆಯುವಂತಾದರೆ ನೀವು ಗೆದ್ದಿರಿ." ಅಥವಾ ಅದನ್ನು ಹೇಳಿದ್ದು ಖಾಖ್ರಾ ತಿಂದವರೋ ಏನೋ.

ಪರೀಕ್ಷೆ ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ ಬರೆಯುವಂಥದ್ದು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಕ್ಯಾಮೆರಾ ನೋಡುತ್ತಲೇ ಇರುತ್ತದೆ. ಬಾಯಿ ತೆರೆದು ಮಾತಾಡಿದರೆ ಪರೀಕ್ಷೆ ರದ್ದು. ಇಬ್ಬರಿಗೂ ಬೇರೆಬೇರೆಯಾಗಿ ಹೇಳಿ, ಬಾಗಿಲು ಹಾಕಿ ಕೂತೆ. ಅರ್ಧ ಮುಗಿದಿರಬಹುದು, ಅಡುಗೆಮನೆಯಿಂದ ಕೂಗು ಬಂತು. "ಶುಭಾ, ಕೇಳು ಅವರಿಗೆ, ಕೆಳಗಿಂದ ತೆಂಗಿನಕಾಯಿ ತರ್ಲಿಕ್ಕೆ ಹೇಳಿದ್ದು ಎಂತಾಯ್ತು ಅಂತ!"

ನಾನು ಯೋಚಿಸಲಿಲ್ಲ. ಸೀನು ಬಂದಾಗ ಯಾರಾದರೂ ಯೋಚಿಸುತ್ತಾರೆಯೆ? "ಚಿಕ್ಕಪ್ಪಾ, ತೆಂಗಿನಕಾಯಿ ಎಂತಾಯ್ತಂತೆ?" ಎಂದು ಗಂಟಲು ಬಿಟ್ಟು ಕೂಗಿದೆ. ಪರದೆ ನಿಂತುಹೋಯಿತು. ಹೊರಗಿನವರ ನೆರವು ಪಡೆದ ಅನುಮಾನವಂತೆ. ಅಜೈಲ್ ವಿಷಯದಲ್ಲಿ ತೆಂಗಿನಕಾಯಿಯಿಂದ ನನಗೆ ಯಾವ ನೆರವು ಸಿಗಬಹುದಿತ್ತು ಎಂದು ಆ ಯಂತ್ರವನ್ನು ಕೇಳುವವರಾರು? ಮ್ಯಾನೇಜರಿಗೆ ನೆಟ್‌ವರ್ಕ್ ಹೋಯಿತು ಎಂದೆ. "ಇನ್ನೊಂದೇ ಅವಕಾಶ, ಬೆನ್" ಎಂದು ಅವರು ಹಜೀರಾ ಕಾಲನಿಯ ಫೋಟೋ ಕಳಿಸಿದರು. ತುಂಬ ಗಿಡಮರಗಳಿದ್ದವು.

ಎರಡನೆಯ ಸಲ ಕೆಳತುಟಿ ಕಚ್ಚಿಕೊಂಡೇ ಕೂತೆ. ಚಿಕ್ಕಮ್ಮ ನಿರಾಶೆ ಮಾಡಲಿಲ್ಲ. "ಕೇಳು ಅವರಿಗೆ, ಗ್ಯಾಸ್ ಬುಕ್ ಮಾಡಿದ್ರಾ ಅಂತ!" ನಾನು ಸುಮ್ಮನಿದ್ದೆ. "ಮಾಡಿದ್ದೇನೆ ಅಂತ ಹೇಳು!" ಎಂದರು ಚಿಕ್ಕಪ್ಪ. ಸುಮ್ಮನಿದ್ದೆ. "ಶುಭಾ! ಕಿವಿ ಕೇಳುದಿಲ್ವಾ?" ಆಗಲೇ ಪರದೆಯ ಮೇಲೆ ಈ ಪ್ರಶ್ನೆ ಬರಬೇಕೇ? ತಂಡದ ಇಬ್ಬರು ಪರಸ್ಪರ ಮಾತಾಡುತ್ತಿಲ್ಲ, ನೀವೇನು ಮಾಡುತ್ತೀರಿ? ಮೊದಲನೆಯ ಉತ್ತರ: ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುತ್ತೇನೆ. ನನ್ನ ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು.

ಅಷ್ಟರಲ್ಲಿ ಚಿಕ್ಕಮ್ಮನ ಹೆಜ್ಜೆ ಸದ್ದು ನನ್ನ ಬಾಗಿಲು ದಾಟಿ ಮುಂದೆ ಹೋಯಿತು.

"ಗ್ಯಾಸ್ ಬುಕ್ ಮಾಡಿದ್ರಾ?"

"ಮಾಡಿದೆ."

"ಹೇಳ್ಲಿಕ್ಕೆ ಎಂತ ಧಾಡಿ?"

"ಅವಳತ್ರ ಹೇಳಿದೆನಲ್ಲ."

"ಅವಳು ಪರೀಕ್ಷೆ ಬರೀತಿದ್ದಾಳೆ, ಅಷ್ಟೂ ಗೊತ್ತಾಗುದಿಲ್ವಾ ನಿಮಗೆ? ಗೊತ್ತಾಗುದು ಚೀಸ್ ಮಾತ್ರ!"

ಆಮೇಲೆ ತಡೆಹಿಡಿದಿದ್ದ ಚೀಸೆಲ್ಲ ಹೊರಬಂತು. ನನ್ನ ತುಟಿ ಅಲುಗದ್ದಕ್ಕೋ ಏನೋ ಯಂತ್ರ ಸುಮ್ಮನಿತ್ತು. ನಾನು ಬೆರಳನ್ನು ಹಿಂದಕ್ಕೆ ಎಳೆದು ಕೊನೆಯ ಉತ್ತರ ಒತ್ತಿದೆ: ನಡುವಿನಿಂದ ಸರಿದು, ಅವರೇ ಮಾತಾಡಲು ಬಿಡುತ್ತೇನೆ.

ಪಾಸಾದೆ. ತಂಡ ಸಿಕ್ಕಿತು, ಹಜೀರಾ ತಪ್ಪಿತು. ಮನೆಯಲ್ಲಿ ಮಾತ್ರ ನನ್ನ ಹುದ್ದೆ ಹೋಯಿತು. ಈಗ ಸಾರು ಬಡಿಸಿದ್ದು ನನಗೆ ತಿಳಿಯುವುದೇ ಅದು ಖಾಲಿಯಾದ ಮೇಲೆ. ಇಬ್ಬರೂ ಒಂದಾಗಿ, ನಾನು ತಡವಾಗಿ ಏಳುವುದರ ಬಗ್ಗೆ ನನ್ನೆದುರೇ ಚರ್ಚೆ ಮಾಡುತ್ತಾರೆ.

ನನ್ನನ್ನು ಕಾಡುತ್ತಿರುವುದು ಅದಲ್ಲ. ಹಜೀರಾದಿಂದ ಬ್ಯಾಗು ಹಿಡಿದು ನಾನು ಈ ಮನೆಗೆ ಬಂದ ದಿನವೇ ಚಿಕ್ಕಪ್ಪ ನನಗೆ ಚೀಸ್ ನೀರ್‌ದೋಸೆ ತಿನ್ನಿಸಿದ್ದು ನೆನಪಿದೆ. ಚಿಕ್ಕಮ್ಮ ಪಕ್ಕದಲ್ಲಿ ನಿಂತು ಅದಕ್ಕಾಗಿ ಅವರನ್ನು ಬೈಯುತ್ತಿದ್ದರು. ಅವರನ್ನೇ, ಮುಖಕ್ಕೆ ಮುಖ ಕೊಟ್ಟು. ಹಾಗೆಂದು ನನ್ನ ನೆನಪು. ಅದು ಸರಿಯಾಗಿದ್ದರೆ ಮಾತು ನಿಂತದ್ದು ಚೀಸಿನಿಂದಲ್ಲ. ನಿನ್ನೆ ದೋಸೆ ಹುಯ್ಯುತ್ತಿದ್ದ ಚಿಕ್ಕಮ್ಮನನ್ನು ಕೇಳಿಯೇಬಿಟ್ಟೆ. ಅವರು ಕಾವಲಿಗೆ ಮುಚ್ಚಳ ಹಾಕಿ, "ಹೋಯ್, ದೋಸೆ ಆಯ್ತು, ಬನ್ನಿ" ಎಂದು ಗಂಡನನ್ನು ಕರೆದರು. ನಾನು ಕೇಳಿದ್ದು ಇಷ್ಟೇ: "ಚಿಕ್ಕಮ್ಮ, ಮಾತು ದಾಟಿಸಲಿಕ್ಕೆ ನಾನೊಬ್ಬಳು ಸಿಕ್ಕಿದೆ ಅಂತಲೇ ನೀವಿಬ್ರೂ ಮಾತು ಬಿಟ್ಟದ್ದಾ?"