ಕಿಟಕಿ ಪಕ್ಕದ ಮೇಜು ಮತ್ತು ಎರಡನೇ ಭಾಗ

ರಿಪೇರಿರಾಯನಿಗೆ ಅವತ್ತು ಬಾಯಿ ಮುಚ್ಚಿಕೊಂಡಿರಲು ಎಲ್ಲ ಕಾರಣಗಳೂ ಇದ್ದವು. ಆದರೂ ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಕೂತವನು, ಯಾರೂ ಕೇಳದಿದ್ದರೂ, ತಲೆ ಎತ್ತಿ ಹೇಳಿಯೇಬಿಟ್ಟ.

"ಯಾರು ಏನಾದ್ರೂ ಅನ್ಲಿ. 'ಕರಿಕೋಟು' ಎರಡನೇ ಭಾಗ ಮೊದಲನೇದರ ಕಾಲಿನ ಧೂಳಿಗೂ ಸಮ ಇಲ್ಲ."

ಎದುರಿಗಿದ್ದ ಭಾವಮೈದುನ ಕಪ್ಪನ್ನು ಕೆಳಗಿಟ್ಟ. 'ಕರಿಕೋಟು' ಎಂದರೆ ಕಪ್ಪು ಕೋಟಿನ ಗೂಢಚಾರನೊಬ್ಬನ ಹೊಡೆದಾಟದ ಸಿನಿಮಾ. ಅದರ ಎರಡೂ ಭಾಗಗಳನ್ನು 'ಒಂದು', 'ಎರಡು' ಎಂದು ಹೆಸರು ಹಾಕಿ ಪೆನ್‌ಡ್ರೈವಿಗೆ ತುಂಬಿಸಿ ತಂದು, ಟೀವಿಯ ಹಿಂದೆ ಚುಚ್ಚಿಕೊಟ್ಟು, ತಾನು ಗೆಳೆಯನ ಮನೆಗೆ ಹೋಗಿದ್ದವನು ಇವನೇ. ರಿಪೇರಿರಾಯ ಶನಿವಾರ 'ಒಂದು' ನೋಡಿದ, ಭಾನುವಾರ 'ಎರಡು' ನೋಡಿದ. ರಿಮೋಟು ಎರಡು ದಿನವೂ ಅತ್ತೆಯವರ ಕೈಯಲ್ಲಿತ್ತು. ಪರದೆಯ ಮೇಲೆ ಅಕ್ಷರ ಬಂದರೆ ಸಾಕು, "ಹೆಸರು ಓದೋಕೆ ಕರೆಂಟು ಯಾಕೆ ಸುಡಬೇಕು" ಎಂದು ಅವರು ಮುಂದಕ್ಕೆ ಓಡಿಸಿಬಿಡುತ್ತಿದ್ದರು. ಹೆಂಡತಿ ಎರಡು ಸಲವೂ ಮೊದಲ ಹೊಡೆದಾಟದ ಹೊತ್ತಿಗೇ ಗೊರಕೆ ಹೊಡೆಯುತ್ತಿದ್ದಳು.

"ಎರಡನೇ ಭಾಗಾನ ಹಾಗನ್ನೋ ಮನುಷ್ಯರನ್ನ ನಾನು ಇವತ್ತೇ ನೋಡಿದ್ದು ಭಾವ," ಎಂದ ಭಾವಮೈದುನ.

"ಯಾಕೆ ಅಂತ ಹೇಳ್ತೀನಿ ಕೇಳು. ಒಂದನೇದಾಗಿ..."

"ಕೇಳೋದೇನು ಬಂತು. ನಿಮಗೆ ಸಿನಿಮಾ ಗೊತ್ತಾಗಲ್ಲ, ಅಷ್ಟೆ."

"ಪಾಪ, ಅವನು ತಂದುಕೊಟ್ಟಿದ್ದಾನೆ. ಅದಕ್ಕೂ ಕೊಂಕು ತೆಗೀತೀರಲ್ಲ ರೀ," ಎಂದು ಹೆಂಡತಿ ಒಳಗಿನಿಂದ ತಮ್ಮನ ಪರ ನಿಂತಳು.

"ಹೊಡೆದಾಟ ಹೊಡೆದಾಟವೇ ಅಳಿಯಂದ್ರೆ. ಅದರಲ್ಲಿ ಒಂದೇನು, ಎರಡೇನು," ಎಂದರು ಅತ್ತೆಯವರು.

ರಿಪೇರಿರಾಯನಿಗೆ ಮೈ ಉರಿದುಹೋಯಿತು. ತಪ್ಪು ಅಂದರೆ ತಪ್ಪು ಅನ್ನಲಿ, ಆದರೆ ಕಾರಣ ಕೇಳದೆ ತಪ್ಪು ಅನ್ನುವುದು ಯಾವ ನ್ಯಾಯ? ಅವನ ಹತ್ತಿರ ಗಟ್ಟಿಯಾದ ಕಾರಣಗಳಿದ್ದವು. ಅವನ್ನೆಲ್ಲ ನುಂಗಿಕೊಂಡು ಊಟದ ಡಬ್ಬಿ ಎತ್ತಿಕೊಂಡ. ಡಬ್ಬಿ ಎಂದಿಗಿಂತ ಹಗುರವಾಗಿತ್ತು.

ಅಷ್ಟಕ್ಕೂ ಅವತ್ತು ಸಿನಿಮಾ ಚರ್ಚೆ ಮಾಡುವ ದಿನವೇ ಅಲ್ಲ. ಅವನು ಕೆಲಸ ಮಾಡುವ ವಾಚಿನ ಅಂಗಡಿಯಲ್ಲಿ ಕಿಟಕಿ ಪಕ್ಕದ ಮೇಜು ಖಾಲಿಯಾಗಿತ್ತು. ಅಲ್ಲಿ ಕೂರುತ್ತಿದ್ದ ಹಿರಿಯ ಕೆಲಸಗಾರ ವಯಸ್ಸಾಯಿತೆಂದು ಬಿಟ್ಟುಹೋಗಿದ್ದ. ಬೆಲೆಬಾಳುವ ವಾಚುಗಳೆಲ್ಲ ಆ ಮೇಜಿಗೇ ಬರುತ್ತವೆ, ಜೊತೆಗೆ ಹಗಲಿಡೀ ಒಳ್ಳೆಯ ಬೆಳಕು. ರಿಪೇರಿರಾಯ ಕೂರುವುದು ಬೀರುವಿನ ಹಿಂದಿನ ಮೂಲೆಯಲ್ಲಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದು ಬಡಕಲು ದೀಪದಲ್ಲಿ ಮುಳ್ಳು ಮೊಳೆ ಹುಡುಕಿ ಹುಡುಕಿ, ಸಂಜೆಯ ಹೊತ್ತಿಗೆ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೀಗೇ ಇನ್ನು ಕೆಲವು ವರ್ಷ ಕೂತರೆ ಕಣ್ಣೂ ಹೋಗುತ್ತದೆ, ಕಸುಬೂ ಹೋಗುತ್ತದೆ ಎಂಬ ಹೆದರಿಕೆ ಅವನಿಗೆ ನಿಜಕ್ಕೂ ಇತ್ತು. ಆ ಮೇಜು ಯಾರಿಗೆ ಎಂದು ಯಜಮಾನರು ಇವತ್ತು ಸಂಜೆ ಹೇಳುವವರಿದ್ದರು.

ಅದಕ್ಕೆಂದೇ ಅವನು ಒಂದು ಏರ್ಪಾಡು ಮಾಡಿಕೊಂಡಿದ್ದ. ಕೆಳಗಿನ ಮನೆಯ ಮೇಷ್ಟ್ರು ಯಜಮಾನರಿಗೆ ಶಾಲೆಯಲ್ಲಿ ಕಲಿಸಿದವರು. ಈಗಲೂ ಮೇಷ್ಟ್ರ ಫೋನು ಬಂದರೆ ಯಜಮಾನರು ಎದ್ದು ನಿಂತು ಮಾತಾಡುತ್ತಾರೆ. "ನಿನ್ನ ಪರವಾಗಿ ಒಂದು ಮಾತು ಹೇಳ್ತೀನಪ್ಪ" ಎಂದು ಮೇಷ್ಟ್ರು ಒಪ್ಪಿಕೊಂಡಿದ್ದರು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು.

"ಮೇಲೆ ಏನಪ್ಪ ಗಲಾಟೆ? ಕರಿಕೋಟು ಎರಡನೇ ಭಾಗ ಚೆನ್ನಾಗಿಲ್ಲ ಅಂದಿದ್ದು ನೀನೇನಾ?"

ಹೌದು ಅನ್ನಬಾರದಿತ್ತು. "ಹೌದು ಮೇಷ್ಟ್ರೇ," ಎಂದ ರಿಪೇರಿರಾಯ. "ಯಾಕೆ ಅಂದ್ರೆ..."

"ಯಾಕೆ ಅಂತ ನನಗೆ ಹೇಳಿಕೊಡ್ತೀಯ? ನಾನು ಎರಡೂ ನೋಡಿದ್ದೀನಿ. ಎರಡನೇದರಲ್ಲಿ ತೂಕ ಇದೆ. ಗಾಂಭೀರ್ಯ ಇದೆ."

"ಗಾಂಭೀರ್ಯ ಇರೋದು ಮೊದಲನೇದರಲ್ಲಿ ಮೇಷ್ಟ್ರೇ. ಸ್ವಲ್ಪ ಕೇಳಿ..."

ಮೇಷ್ಟ್ರು ಕೇಳಲಿಲ್ಲ. ಜೀವಮಾನವಿಡೀ ಬೇರೆಯವರಿಗೆ ಕೇಳಿಸಿ ಅಭ್ಯಾಸವಾದವರು. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿನ ತನಕ ಪಾಠ ಮಾಡುತ್ತಲೇ ಬಂದರು. ಅವರ ಮಾತಿನ ಮಧ್ಯೆ ಒಂದು ಬಸ್ಸು ಬಂದು, ನಿಂತು, ಹೊರಟೂ ಹೋಯಿತು. ರಿಪೇರಿರಾಯ ತಾಳ್ಮೆಗೆಟ್ಟು, "ಮೇಷ್ಟ್ರೇ, ನಿಮಗೆ ವಯಸ್ಸಾಯ್ತು, ಮಧ್ಯೆ ನಿದ್ದೆ ಮಾಡಿರ್ತೀರ," ಎಂದುಬಿಟ್ಟ.

ಮೇಷ್ಟ್ರ ಮುಖ ಸುಣ್ಣ ಬಳಿದಂತಾಯಿತು. "ಹಾಗೋ. ಸರಿ, ಮಲಗಿರೋರು ಫೋನ್ ಮಾಡಲ್ಲ. ಆ ವಿಷಯ ಮರೆತುಬಿಡು," ಎಂದು ತಿರುಗಿ ನಡೆದರು.

ಅಂಗಡಿಗೆ ತಡವಾಗಿ ಹೋದಾಗ ಯಜಮಾನರು ಕಿಟಕಿ ಪಕ್ಕದ ಮೇಜಿಗೇ ಒರಗಿಕೊಂಡು, ಪೇಟೆಯ ಥಿಯೇಟರಿನಲ್ಲಿ ಕರಿಕೋಟು ಎರಡನೇ ಭಾಗವನ್ನು ನಾಲ್ಕನೇ ಸಲ ನೋಡಿದ ಸಂಭ್ರಮವನ್ನು ಹೇಳುತ್ತಿದ್ದರು. ಪಕ್ಕದಲ್ಲಿ, ಎಲ್ಲರೂ 'ಬೆಲ್ಟು' ಎಂದೇ ಕರೆಯುವ ಕೆಲಸಗಾರ ನಿಂತಿದ್ದ. ವಾಚಿಗೆ ಬೆಲ್ಟು, ಸೆಲ್ಲು ಹಾಕುವುದು ಅವನ ಕೆಲಸ. ಯಜಮಾನರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ "ಅದ್ಭುತ ಸಾರ್, ಮೊದಲನೇದು ಇದರ ಮುಂದೆ ಏನೂ ಇಲ್ಲ" ಎಂದು ತುಂಬಿಸುವುದೂ ಅವನದೇ.

"ಏನು ರಾಯರೇ, ನೀವೂ ನೋಡಿದ್ರಂತಲ್ಲ. ಹೇಗಿದೆ ಎರಡನೇದು?"

ರಿಪೇರಿರಾಯ ಕಿಟಕಿ ನೋಡಿದ. ಬಿಸಿಲು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಂತೆ ಬಿದ್ದಿತ್ತು. ಒಂದು ಸುಳ್ಳು ಸಾಕಿತ್ತು. ಆದರೆ ಬೆಲ್ಟಿನ ಹಲ್ಲುಕಿರಿತ ಕಂಡಿತು, ಬೆಳಗಿನಿಂದ ನುಂಗಿದ ಕಾರಣಗಳೆಲ್ಲ ಗಂಟಲಿಗೆ ಬಂದವು.

"ಎರಡನೇದು ದಂಡ ಸಾರ್. ಮೊದಲನೇದೇ ಸಿನಿಮಾ."

ಮೇಜಿಗೆ ಒರಗಿದ್ದ ಯಜಮಾನರು ನೆಟ್ಟಗಾದರು. ವಾಚಿಗೆ ಸೆಲ್ಲು ಹಾಕಿಸಲು ಬಂದಿದ್ದ ನರ್ಸಮ್ಮ ಕೂಡ ತಿರುಗಿದಳು. "ಯಾರ್ರೀ ಅವರು ಹಾಗಂದಿದ್ದು? ನಮ್ಮ ವಾರ್ಡಿನಲ್ಲಿ ರೋಗಿಗಳು ಕೂಡ ಎರಡನೇದೇ ಚೆನ್ನಾಗಿದೆ ಅಂತಾರೆ."

"ರೋಗಿಗಳು ಅಂತಾರಮ್ಮ, ಹುಷಾರಾಗಿರೋರು ಅನ್ನಲ್ಲ," ಎಂದ ರಿಪೇರಿರಾಯ. ಅಲ್ಲಿಗೆ ಗಿರಾಕಿಯೂ ಎದುರಾಳಿಯಾದಳು.

ಮೂಲೆಗೆ ಹೋಗಿ ಕೂತು ಒಂದು ವಾಚು ಬಿಚ್ಚಿದ. ಬೆಲ್ಟು ಬೇಕಂತಲೇ ಬೀರುವಿನಾಚೆಯಿಂದ, "ಕೆಲವರಿಗೆ ಕತ್ತಲಲ್ಲಿ ಕೂತು ಕೂತು ರುಚಿಯೂ ಕೆಡುತ್ತೆ ಸಾರ್," ಎಂದ. ರಿಪೇರಿರಾಯ ಸಿಟ್ಟಿನಿಂದ ಆ ಕಡೆ ತಿರುಗಿದ, ಚಿಮಟ ಜಾರಿತು, ಸ್ಪ್ರಿಂಗು ಠಣ್ಣನೆ ಹಾರಿ ಮಾಯವಾಯಿತು. ಕೂದಲಿಗಿಂತ ತುಸು ದಪ್ಪದ ವಸ್ತು. ಯಜಮಾನರು, ಬೆಲ್ಟು, ನರ್ಸಮ್ಮ, ರಿಪೇರಿರಾಯ, ನಾಲ್ವರೂ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದರು. ಹುಡುಕುತ್ತಲೇ ಜಗಳವೂ ನಡೆಯಿತು.

"ರೈಲಿನ ಮೇಲಿನ ಹೊಡೆದಾಟ ಒಂದೇ ಸಾಕು ರಾಯರೇ," ಎಂದರು ಯಜಮಾನರು ಕುರ್ಚಿಯ ಕೆಳಗಿನಿಂದ.

"ಅದನ್ನೇ ಸಾರ್ ನಾನೂ ಹೇಳ್ತಿರೋದು," ಎಂದು ರಿಪೇರಿರಾಯ ಶುರುಮಾಡಿದ. ಅಷ್ಟರಲ್ಲಿ ಅವನ ತಲೆ ಬೀರುವಿಗೆ ಬಡಿಯಿತು. ಸ್ಪ್ರಿಂಗು ಅವನ ಕೂದಲಿನಿಂದಲೇ ಉದುರಿತು. ಮೂವರೂ ನಕ್ಕರು, ಕಾರಣ ಮತ್ತೆ ಅಲ್ಲೇ ಉಳಿಯಿತು.

ಅವನು ಎದ್ದು ನಿಂತ. ಕಣ್ಣಲ್ಲಿ ನೀರಿತ್ತು, ದೀಪದ್ದೋ ಸಿಟ್ಟಿನದೋ ಗೊತ್ತಿಲ್ಲ. "ಸಾರ್, ಬೆಳಿಗ್ಗೆಯಿಂದ ಒಬ್ಬರಾದ್ರೂ ನನ್ನ ಮಾತು ಪೂರ್ತಿ ಕೇಳಿಲ್ಲ. ಮೇಜು ಕೊಡಿ, ಬಿಡಿ. ನನ್ನ ಕಾರಣ ಕೇಳಿ."

ಯಜಮಾನರು ಕೆಟ್ಟವರಲ್ಲ. "ಆಯ್ತು. ಸಂಜೆ ಬಾಗಿಲು ಎಳೆಯೋ ಹೊತ್ತಿಗೆ ಕೂತು ಕೇಳ್ತೀನಿ. ನೀವು ಹೇಳೋದರಲ್ಲಿ ಅರ್ಥ ಇದ್ರೆ ಮೇಜು ನಿಮ್ಮದೇ," ಎಂದರು.

ಸಂಜೆ ಅರ್ಧ ಬಾಗಿಲು ಎಳೆದು, ಕುರ್ಚಿ ಹಾಕಿಕೊಂಡು ಕೂತರು. ಬೆಲ್ಟು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ರಿಪೇರಿರಾಯ ಗಂಟಲು ಸರಿಮಾಡಿಕೊಂಡ.

"ಮೊದಲನೇ ಭಾಗದಲ್ಲಿ ಗೂಢಚಾರನಿಗೆ ಕೂದಲು ನರೆತಿದೆ. ಕಾಲು ಕುಂಟ್ತಾನೆ, ಆದರೂ ರೈಲಿನ ಮೇಲೆ ಹೊಡೆದಾಡ್ತಾನೆ. ಜೇಬಲ್ಲಿ ಒಬ್ಬಳ ಫೋಟೋ. ಯಾರವಳು ಅಂತ ಹೇಳೋದೇ ಇಲ್ಲ, ನಾವೇ ಊಹಿಸ್ಕೋಬೇಕು. ಅದು ಸಾರ್ ಗಾಂಭೀರ್ಯ. ಎರಡನೇದರಲ್ಲಿ ಏನು ಮಾಡಿದ್ದಾರೆ? ಕೂದಲಿಗೆ ಬಣ್ಣ ಹಚ್ಚಿ ಕರ್ರಗೆ ಮಾಡಿದ್ದಾರೆ. ಕುಂಟು ಮಾಯ. ಅಷ್ಟು ದೊಡ್ಡ ಗೂಢಚಾರ, ಪಿಸ್ತೂಲು ಹಿಡಿಯೋಕೆ ಕೈ ನಡುಗಿಸ್ತಾನೆ, ಎಲ್ಲ ಮರೆತವನ ಹಾಗೆ ಇನ್ನೊಬ್ಬನ ಹತ್ರ ಪಾಠ ಹೇಳಿಸ್ಕೋತಾನೆ. ಫೋಟೋದಲ್ಲಿದ್ದವಳು ಎದುರಿಗೇ ಕೂತು ಚಹಾ ಕುಡೀತಾಳೆ. ಕೊನೆಗೆ ಅವಳನ್ನ ಸೇತುವೆಯಿಂದ ಬೀಳಿಸಿ, ಇವನ ಮಂಡಿಗೆ ಗುಂಡು ಹೊಡೆಸಿ ಮುಗಿಸಿಬಿಡ್ತಾರೆ. ಹೇಳಿ ಸಾರ್, ತಲೆಬುಡ ಇದೆಯಾ?"

ಯಜಮಾನರು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.

"ರಾಯರೇ," ಎಂದರು ಮೆಲ್ಲಗೆ, "ಮಂಡಿಗೆ ಗುಂಡು ಬಿದ್ದ ಮೇಲಲ್ವಾ ಮನುಷ್ಯ ಕುಂಟೋದು?"

ರಿಪೇರಿರಾಯ ಬೆರಳು ಮಡಿಸಿ ಎಣಿಸತೊಡಗಿದ. ಅವಳು ಬಿದ್ದ ಮೇಲೆ ಫೋಟೋ. ಗುಂಡು ಬಿದ್ದ ಮೇಲೆ ಕುಂಟು. ವಯಸ್ಸಾದ ಮೇಲೆ ನರೆ. ತಲೆಯೊಳಗೆ ಚಕ್ರಗಳೆಲ್ಲ ಒಂದೊಂದಾಗಿ ಸರಿಜಾಗದಲ್ಲಿ ಕೂತುಕೊಂಡವು.

"ಅಂದ್ರೆ ಹಿಂದುಮುಂದಾಗಿ ನೋಡಿದ್ದೀರ. ನಿಮಗೆ ಇಷ್ಟವಾಗಿರೋದು ಎರಡನೇ ಭಾಗ. ನೀವು ನಮ್ಮ ಕಡೆಯವರೇ," ಎಂದು ಯಜಮಾನರು ನಕ್ಕರು.

ರಿಪೇರಿರಾಯನಿಗೆ ಜೀವ ಬಂದಂತಾಯಿತು. ಆದರೆ ಯಜಮಾನರ ನಗು ಅರ್ಧದಲ್ಲೇ ನಿಂತಿತು. ಅವರು ಕಿಟಕಿ ಪಕ್ಕದ ಮೇಜನ್ನು ನೋಡಿದರು.

"ಆದ್ರೆ ರಾಯರೇ, ಯಾವುದು ಮೊದಲು ಬಿಚ್ಚಿದ್ದು, ಯಾವುದು ಆಮೇಲೆ ಅಂತ ತಲೇಲಿ ಇಟ್ಕೊಳ್ಳೋದೇ ಅಲ್ವಾ ನಮ್ಮ ಕಸುಬು? ಎರಡು ಸಿನಿಮಾದಲ್ಲಿ ಹಿಂದು ಯಾವುದು, ಮುಂದು ಯಾವುದು ಗೊತ್ತಾಗದವರ ಕೈಗೆ ಜನರ ಒಳ್ಳೊಳ್ಳೆ ವಾಚು ಹೇಗೆ ಕೊಡ್ಲಿ? ನಾಳೆಯಿಂದ ಅಲ್ಲಿ ಬೆಲ್ಟು ಕೂರಲಿ."

ಹೊರಗೆ ಬಂದಾಗ ಬೆಲ್ಟು ಅವನ ಹೆಗಲ ಮೇಲೆ ಕೈಯಿಟ್ಟ. "ಬೇಜಾರಾಗಬೇಡಿ ರಾಯರೇ. ನೀವಾದ್ರೂ ನೋಡಿದ್ದೀರ. ನಾನು ಎರಡೂ ನೋಡಿಲ್ಲ."

ರಿಪೇರಿರಾಯ ಮನೆಗೆ ಬೆಂಕಿಯಾಗಿ ಬಂದ. ಭಾವಮೈದುನನ ಮುಂದೆ ನಿಂತು ಕೇಳಿದ, "ಎರಡನೇ ಭಾಗಕ್ಕೆ 'ಒಂದು' ಅಂತ ಯಾಕೆ ಹಾಕಿದ್ದೆ?"

ಭಾವಮೈದುನನಿಗೆ ಆಶ್ಚರ್ಯವಾಯಿತು. "ಅದೇ ಚೆನ್ನಾಗಿರೋದಲ್ವಾ ಭಾವ? ನಾನು ಯಾವಾಗಲೂ ಹಾಗೇ. ಚೆನ್ನಾಗಿರೋದಕ್ಕೆ ಒಂದು, ಅದಕ್ಕಿಂತ ಕಡಿಮೆಯದಕ್ಕೆ ಎರಡು."

"ಅಂದ್ರೆ ನಿಮಗೂ ಎರಡನೇದೇ ಇಷ್ಟ ಅಂತಾಯ್ತು," ಎಂದಳು ಹೆಂಡತಿ. "ಅಷ್ಟಕ್ಕೆ ಬೆಳಿಗ್ಗೆ ಅಷ್ಟೊಂದು ಕೂಗಾಡಿದ್ರಲ್ಲ. ಸುಮ್ಮನೆ ಹೌದು ಅಂದಿದ್ರೆ ಆಗ್ತಿತ್ತು."

ಉತ್ತರ ಕೊಡುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೇಷ್ಟ್ರು ನಿಂತಿದ್ದರು, ಮುಖದಲ್ಲಿ ಬೆಳಗಿನ ಬಿಗುವಿರಲಿಲ್ಲ.

"ನಿದ್ದೆ ಮಾಡಿರ್ತೀರ ಅಂದೆಯಲ್ಲ, ಆ ಮಾತು ಚುಚ್ತು ಕಣಪ್ಪ. ಮಧ್ಯಾಹ್ನ ಎರಡನ್ನೂ ಮತ್ತೆ ಹಾಕ್ಕೊಂಡು ನೋಡಿದೆ. ನೀನು ಹೇಳಿದ್ದೇ ಸರಿ. ಮೊದಲನೇದೇ ಸಿನಿಮಾ, ಎರಡನೇದು ಬರೀ ಗದ್ದಲ. ತಪ್ಪಾಯ್ತು ಅಂತ ಒಪ್ಕೊಳ್ಳೋಕೆ ನನಗೇನೂ ನಾಚಿಕೆಯಿಲ್ಲ. ಇಷ್ಟು ತಿಳುವಳಿಕೆ ಇರೋನು ಕತ್ತಲ ಮೂಲೇಲಿ ಕೂರಬಾರದು. ಈಗಲೇ ನನ್ನ ಶಿಷ್ಯನಿಗೆ ಹೇಳ್ತೀನಿ." ಅವರು ಜೇಬಿನಿಂದ ಫೋನು ತೆಗೆದು ಒತ್ತಿದರು. ಆ ಕಡೆ ಗಂಟೆ ಹೊಡೆಯತೊಡಗಿತು.

ಬೆಳಗಿನಿಂದ ಮಾತಾಡಲು ಒದ್ದಾಡಿದ್ದ ರಿಪೇರಿರಾಯ ಈಗ ತುಟಿ ಬಿಗಿದು ಸುಮ್ಮನೆ ನಿಂತ. ಕಣ್ಣಮುಂದೆ ಮೇಜು, ಮೇಜಿನ ಮೇಲೆ ಬಿಸಿಲು. ಮೆಲ್ಲಗೆ ತಲೆಯಾಡಿಸಿದ, ಅಷ್ಟೆ.

"ಅಯ್ಯೋ ಮೇಷ್ಟ್ರೇ," ಎಂದ ಹಿಂದಿನಿಂದ ಭಾವಮೈದುನ, "ನಮ್ಮ ಭಾವ ಈಗ ಸರಿಹೋಗಿದ್ದಾರೆ. ಅವರಿಗೂ ಎರಡನೇದೇ ಇಷ್ಟ ಅಂತೆ. ಬೇಕಾದ್ರೆ ಅಕ್ಕನ್ನ ಕೇಳಿ."

"ಹೌದು ಮೇಷ್ಟ್ರೇ, ಈಗ ತಾನೇ ಒಪ್ಕೊಂಡ್ರು," ಎಂದಳು ಹೆಂಡತಿ ಸಂತೋಷದಿಂದ.

ಮೇಷ್ಟ್ರು ರಿಪೇರಿರಾಯನನ್ನು ಮೇಲಿಂದ ಕೆಳಗೆ ನೋಡಿದರು. "ಬೆಳಿಗ್ಗೆ ಒಂದು, ಸಂಜೆ ಒಂದು. ನಾನು ಮಧ್ಯಾಹ್ನವೆಲ್ಲ ಕೂತು ನೋಡಿದ್ದು ಇಂಥವನ ಮಾತಿಗಾ?"

"ಮೇಷ್ಟ್ರೇ, ಯಾಕೆ ಅಂದ್ರೆ..." ಎಂದು ರಿಪೇರಿರಾಯ ಶುರುಮಾಡಿದ. ಅಷ್ಟರಲ್ಲಿ ಫೋನಿನಲ್ಲಿ ಯಜಮಾನರ ದನಿ ಕೇಳಿಸಿತು. "ನಮಸ್ಕಾರ ಮೇಷ್ಟ್ರೇ, ಹೇಳಿ."

"ಏನಿಲ್ಲಪ್ಪ," ಎಂದರು ಮೇಷ್ಟ್ರು, ರಿಪೇರಿರಾಯನ ಮುಖದಿಂದ ಕಣ್ಣು ಕದಲಿಸದೆ. "ನಿನ್ನ ಅಂಗಡೀಲಿ ಕಿಟಕಿ ಪಕ್ಕ ಒಂದು ಮೇಜಿದೆಯಂತಲ್ಲ. ಅದನ್ನ ಯಾರಿಗೆ ಬೇಕಾದ್ರೂ ಕೊಡು. ನಮ್ಮ ಮೇಲಿನ ಮನೆಯವನಿಗೆ ಮಾತ್ರ ಕೊಡಬೇಡ ಅಂತ ಹೇಳೋಕೆ ಫೋನ್ ಮಾಡ್ದೆ."